ಕಯಾಕ್‌ಗೆ ಚುಕ್ಕಾಣಿ ಬೇಕೇ?

ಪ್ರಶ್ನೆ: ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ 10 ಅಡಿಯ ಕಯಾಕ್ ನಡೆಸಿ ಅಭ್ಯಾಸವಾಗಿದೆ. ಕಡಲಿಗಿಳಿಯಲು 16 ಅಡಿಯದೊಂದನ್ನು ಕೊಳ್ಳಬೇಕೆಂದಿದ್ದೇನೆ. ಚುಕ್ಕಾಣಿ ಇಲ್ಲದಿದ್ದರೆ ಅಷ್ಟುದ್ದದ ಕಯಾಕ್ ತಿರುಗುವುದೇ ಇಲ್ಲ ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ. ಹೌದೇ?

ಉತ್ತರ: ಖಂಡಿತ ತಿರುಗುತ್ತದೆ. ಎಡ ಮಂಡಿಯನ್ನು ಒಳಗಿನಿಂದ ಮೇಲೊತ್ತಿ ದೋಣಿಯನ್ನು ತುಸು ಬಲಕ್ಕೆ ವಾಲಿಸಿ. ಬಲಬದಿಯ ಹುಟ್ಟನ್ನು ಪಾದದ ಪಕ್ಕದಿಂದ ಸೊಂಟದ ಹಿಂದಿನವರೆಗೆ ಅರ್ಧಚಂದ್ರದಂತೆ ಎಳೆಯಿರಿ. ಮೂತಿ ಎಡಕ್ಕೆ ಬರುತ್ತದೆ. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಬೇಟೆಗಾರರು ಸೀಲ್ ಚರ್ಮ ಹೊದಿಸಿದ ಉದ್ದನೆಯ ಕಯಾಕ್‌ಗಳನ್ನು ಹಿಮದ ಕಡಲಿನಲ್ಲಿ ನಡೆಸಿದ್ದು ಚುಕ್ಕಾಣಿ ಇಲ್ಲದೆಯೇ.

ಹಾಗಾದರೆ ಅದು ಯಾಕೆ ಬೇಕು? ದೋಣಿ ತಾನಾಗಿ ತಿರುಗದಂತೆ ಹಿಡಿಯಲು. ಮಧ್ಯಾಹ್ನ ಪಡುಗಾಳಿ ಎದ್ದ ಮೇಲೆ ದಡದ ಗುಂಟ ದಕ್ಷಿಣಕ್ಕೆ, ಮಲ್ಪೆಯ ಕಡೆ ಹೊರಟಿದ್ದೀರಿ ಅಂದುಕೊಳ್ಳಿ. ಗಾಳಿ ಬಲಪಕ್ಕೆಗೆ ಬಡಿಯುತ್ತದೆ. ಮುಂದೆ ಸಾಗುವ ದೋಣಿಯ ಮೂತಿಯನ್ನು ಎರಡೂ ಬದಿಯ ನೀರು ಒತ್ತಿ ಹಿಡಿದಿರುತ್ತದೆ, ಹಿಂತುದಿಗೆ ಆ ಬಿಗಿ ಇರುವುದಿಲ್ಲ. ಗಾಳಿ ಹಿಂತುದಿಯನ್ನು ದಡದತ್ತ ತಳ್ಳಿದಾಗ ಮೂತಿ ನಡುಗಡಲಿನತ್ತ ಹೊರಳುತ್ತದೆ. ಅದನ್ನು ತಿದ್ದಲು ಬಲಬದಿಗೇ ಹುಟ್ಟು ಹಾಕುತ್ತಾ ಹೋದರೆ ಬಲಭುಜ ಬೇಗ ಸೋಲುತ್ತದೆ. ಚುಕ್ಕಾಣಿ ಇದ್ದರೆ ಕಾಲ ಬಳಿಯ ಪೆಡಲ್ ಒತ್ತಿ ಅದನ್ನು ಓರೆ ಮಾಡಿಟ್ಟು, ಎರಡೂ ಬದಿಗೆ ಸಮನಾಗಿ ಹುಟ್ಟು ಹಾಕಬಹುದು.

ಇದೇ ಕೆಲಸಕ್ಕೆ ಸ್ಕೆಗ್ ಎಂಬುದೊಂದಿದೆ. ಹಿಂಭಾಗದ ತಳದಿಂದ ಕೆಳಗಿಳಿಯುವ ರೆಕ್ಕೆ ಅದು. ಎಡಬಲ ತಿರುಗದು, ಎಷ್ಟು ಇಳಿಸಬೇಕೆಂಬುದಷ್ಟೇ ನಮ್ಮ ಕೈಯಲ್ಲಿ. ಒಬ್ಬರೇ ಹೋಗುವ ಕಯಾಕಿಗೆ ನನ್ನ ಒಲವು ಇದಕ್ಕೇ. ಚುಕ್ಕಾಣಿಯ ಪೆಡಲ್ ಹಿಂದೆಮುಂದೆ ಜಾರುವಂಥದಾದರೆ ಪಾದ ಊರಲು ನೆಲೆ ಸಿಗದೆ, ಸೊಂಟದಿಂದ ಬರಬೇಕಾದ ಬಲವೆಲ್ಲ ತೋಳಿನ ಮೇಲೆ ಬೀಳುತ್ತದೆ. ಬುಡ ಅಲುಗದೆ ತುದಿ ಮಾತ್ರ ಬಾಗುವ ಪೆಡಲ್‌ಗೆ ಈ ತೊಂದರೆ ಇಲ್ಲ. ಸ್ಕೆಗ್‌ಗೂ ಒಂದು ಕಾಟ ಉಂಟು: ಮರಳಿನ ಮೇಲೆ ಎಳೆದಾಗ ಅದರ ಸಂದಿಯಲ್ಲಿ ಕಲ್ಲು, ಚಿಪ್ಪಿನ ಚೂರು ಸಿಕ್ಕಿಕೊಂಡು ರೆಕ್ಕೆ ಇಳಿಯುವುದೇ ಇಲ್ಲ. ರೆಕ್ಕೆಯ ಅಂಚಿಗೆ ತೂತು ಕೊರೆದು ಗೇಣುದ್ದದ ದಾರ ಕಟ್ಟಿಡಿ, ಜೊತೆಗಾರರು ನೀರಿನಲ್ಲೇ ಎಳೆದು ಬಿಡಿಸಬಹುದು.

ಇಬ್ಬರು ಕೂರುವ ಉದ್ದ ಕಯಾಕಿಗಾದರೆ ಚುಕ್ಕಾಣಿಯೇ ಸರಿ. ದಾಂಡೇಲಿಯ ಕಾಳಿಯಂಥ ಬಂಡೆ ತುಂಬಿದ ರಭಸದ ನೀರಿಗೆ ಎರಡೂ ಬೇಡ. ಚುಕ್ಕಾಣಿ ಹಾಕಿಸಿದಿರಾದರೆ ಅಲೆ ಒಡೆಯುವ ಜಾಗ ಬರುವ ಮೊದಲೇ ಅದನ್ನು ಮೇಲೆತ್ತಿ. ಮರಳಿಗೆ ತಾಗಿ ಮುರಿಯುತ್ತದೆ, ನೀರಿಗೆ ಬಿದ್ದವರಿಗೆ ಗಾಯ ಮಾಡುತ್ತದೆ.

ದುಡ್ಡು ಕೊಡುವ ಮೊದಲು, ಗಾಳಿ ಇರುವ ದಿನ, ಚುಕ್ಕಾಣಿಯನ್ನಾಗಲಿ ಸ್ಕೆಗ್ಗನ್ನಾಗಲಿ ಇಳಿಸದೆ, ಹಿನ್ನೀರಿನಲ್ಲೇ ಗಾಳಿಗೆ ಪಕ್ಕೆಯೊಡ್ಡಿ ನೂರು ಹುಟ್ಟು ಹಾಕಿ ನೋಡಿ. ಕಡಲಿನಲ್ಲಿ ಅವನ್ನು ಆಡಿಸುವ ತಂತಿ ತುಂಡಾದರೆ ಹಾಗೆಯೇ ದಡ ಸೇರಬೇಕಾಗುತ್ತದೆ. ದೋಣಿ ಮಾತು ಕೇಳದಿದ್ದರೆ ಬೇರೆಯದನ್ನು ನೋಡಿ.