ಕೌಟುಂಬಿಕ ಪ್ರಕರಣಕ್ಕೆ ವಕೀಲರನ್ನು ಹುಡುಕುವಾಗ ಅವರ ಹಿನ್ನೆಲೆಯಲ್ಲಿ ಏನು ನೋಡಬೇಕು?

ಕಾನೂನು ಪದವಿ, ವಕೀಲಿಕೆಯ ಪರವಾನಗಿ ಎಲ್ಲ ವಕೀಲರಿಗೂ ಇರುತ್ತವೆ. ನಾನಾದರೆ ಮೊದಲು ಕೇಳುವುದು, ಅವರ ಕೆಲಸದಲ್ಲಿ ಕೌಟುಂಬಿಕ ಪ್ರಕರಣಗಳ ಪಾಲೆಷ್ಟು ಎಂದು. 20 ವರ್ಷ ಬರೀ ಜಮೀನು ವ್ಯಾಜ್ಯ ನಡೆಸಿದವರಿಗೆ ಮಗುವಿನ ಸುಪರ್ದಿಯ ಸೂಕ್ಷ್ಮಗಳು ಸುಲಭಕ್ಕೆ ದಕ್ಕುವುದಿಲ್ಲ. ಮನಶ್ಶಾಸ್ತ್ರಜ್ಞರ ವರದಿಯನ್ನು ಓದಿ ಪ್ರಶ್ನಿಸಬಲ್ಲರೇ, ಲೆಕ್ಕಪತ್ರಗಳಲ್ಲಿ ಬಚ್ಚಿಟ್ಟ ಆಸ್ತಿಯನ್ನು ಗುರುತಿಸಬಲ್ಲರೇ, ವಿಚಾರಿಸಿ. ಮಧ್ಯಸ್ಥಿಕೆಯ ತರಬೇತಿ ಪಡೆದಿದ್ದರೆ ಇನ್ನೂ ಒಳ್ಳೆಯದು. ಎಷ್ಟೋ ಪ್ರಕರಣಗಳು ಪೂರ್ಣ ವಿಚಾರಣೆಗೆ ಮುಂಚೆಯೇ ರಾಜಿಯಾಗುತ್ತವೆ.

ಮಗುವನ್ನು ಒಪ್ಪಿಗೆಯಿಲ್ಲದೆ ಬೇರೆ ದೇಶಕ್ಕೆ ಕರೆದೊಯ್ದಿದ್ದರೆ, ಇಂಥ ಮಕ್ಕಳನ್ನು ಅವರು ವಾಸವಿದ್ದ ದೇಶಕ್ಕೆ ಮರಳಿಸಲು ದೇಶಗಳು ಮಾಡಿಕೊಂಡ 1980ರ ಹೇಗ್ ಒಪ್ಪಂದದಡಿ ವಾದಿಸಿದ ಅನುಭವಿಗಳನ್ನೇ ಹುಡುಕಿ. ಎರಡೂ ದೇಶಗಳ ನಡುವೆ ಆ ಒಪ್ಪಂದ ಜಾರಿಯಲ್ಲಿರಬೇಕು. ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮಗುವನ್ನು ಮರಳಿ ಪಡೆಯುವ ದಾರಿ ಗಟ್ಟಿಯಾಗಿರುತ್ತದೆ, ಹಾಗಾಗಿ ದಯವಿಟ್ಟು ತಡಮಾಡಬೇಡಿ.