ನಂದಿಯ ಕಲ್ಯಾಣಿಯಲ್ಲಿ ಯಾಳಿ

ಪ್ರಶ್ನೆ: ನನ್ನ ಮಗ ಲೆಗೋದಲ್ಲಿ ಮಾಯಾಲೋಕದ ಕೋಟೆ ಕಟ್ಟುತ್ತಾನೆ. ಎಲ್ಲವೂ ಯೂರೋಪಿನ ಕೋಟೆಗಳಂತೆಯೇ ಇರುತ್ತವೆ. ನಮ್ಮ ಕಡೆಯ ಮಾದರಿ ಯಾವುದಾದರೂ ಇದೆಯಾ?
– ಓದುಗರು, ಚಿಂತಾಮಣಿ

ಉತ್ತರ: ಇದೆ, ನಿಮ್ಮ ಜಿಲ್ಲೆಯಲ್ಲೇ! ನಂದಿ ಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರ ದೇವಸ್ಥಾನಕ್ಕೆ ಅವನನ್ನು ಕರೆದುಕೊಂಡು ಹೋಗಿ. 9ನೇ ಶತಮಾನದಷ್ಟು ಹಳೆಯದು. ಅಕ್ಕಪಕ್ಕ ಎರಡು ದೊಡ್ಡ ಗುಡಿಗಳು, ಅಂತಸ್ತು ಅಂತಸ್ತಾಗಿ ಕಿರಿದಾಗುವ ಶಿಖರಗಳು.

ನನಗೆ ಜಾಸ್ತಿ ಇಷ್ಟವಾದದ್ದು ಅಲ್ಲಿನ ಕಲ್ಯಾಣಿ. ಕಳೆದ ದಸರಾ ರಜೆಯಲ್ಲಿ ಅಕ್ಕನ ಮಗಳ ಜೊತೆ ಅದನ್ನೇ ಕಟ್ಟಿದೆ. ಮೊದಲು ದಪ್ಪ ಬ್ರಿಕ್ ಬಳಸಿದೆವು. ಒಂದರ ಎತ್ತರ 9.6 ಮಿಲಿಮೀಟರ್. ಮೆಟ್ಟಿಲು ಹೋಗಿ ಗೋಡೆಯಾಯಿತು! ಎಲ್ಲ ಬಿಚ್ಚಿ ತೆಳು ಪ್ಲೇಟ್ ಹಿಡಿದೆವು. ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್‌ನ ಎತ್ತರ. ಆಗ ಮೆಟ್ಟಿಲುಗಳು ತ್ರಿಕೋನವಾಗಿ ಕೆಳಗಿಳಿಯುವ ಆ ಚೆಂದ ಬಂತು.

ಮಾಯೆ ಬೇಕು ಅಲ್ವಾ? ತಳಕ್ಕೆ ಪಾರದರ್ಶಕ ನೀಲಿ ತುಣುಕು ಹಾಕಿ. ನೀರಿನಿಂದ ಯಾಳಿಯೊಂದು ಮೇಲೇಳಲಿ. ಸಿಂಹದ ಮೈ, ಆನೆಯ ಸೊಂಡಿಲು. ವಿಜಯನಗರ ಕಾಲದ ಕಂಬಗಳಲ್ಲಿ ಇಂಥವು ಬೇಕಾದಷ್ಟಿವೆ. ಡ್ರ್ಯಾಗನ್‌ಗಿಂತ ನನಗೆ ಇದೇ ಹತ್ತಿರ.

ಹೋಗುವಾಗ ಒಂದು ನೋಟ್‌ಬುಕ್ ಇರಲಿ. ಮೆಟ್ಟಿಲುಗಳನ್ನು ಅವನೇ ಎಣಿಸಿ ಬರೆದುಕೊಳ್ಳಲಿ.