ತೊಂಬತ್ತರ ದಶಕದಿಂದ ಗೇಮ್ ಆಡುತ್ತಿರುವವರಿಗೆ ಪ್ರಶ್ನೆ: ಒಂದೂವರೆ ಲಕ್ಷದ ಪಿಸಿ ತಗೊಳ್ಳಲಾ?

ಪ್ರಶ್ನೆ: ನೀವು ತೊಂಬತ್ತರ ದಶಕದಿಂದ ವಿಡಿಯೋ ಗೇಮ್ ಆಡುತ್ತಿದ್ದೀರಿ ಅಂತ ಬರೆದುಕೊಂಡಿದ್ದೀರಿ. ತಂತ್ರಜ್ಞಾನ ಇಷ್ಟು ಬೆಳೆದಿದೆ, ಆಡುವ ಮಜಾ ನಿಜವಾಗಿ ಜಾಸ್ತಿ ಆಗಿದೆಯಾ? ನಾನು ಸೇಡಂನವನು. ಒಂದೂವರೆ ಲಕ್ಷ ಕೂಡಿಸಿದ್ದೇನೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ತಗೊಳ್ಳಲಾ?

ಉತ್ತರ:

ತಗೊಳ್ಳಿ. ಆದರೆ ಇದ್ದ ದುಡ್ಡನ್ನೆಲ್ಲ ಗೇಮಿನ ಚಿತ್ರ ಬಿಡಿಸುವ ಆ ಕಾರ್ಡಿಗೆ ಸುರಿಯಬೇಡಿ. ಯಾಕೆ ಅಂತ ಹೇಳಬೇಕಾದರೆ ನನ್ನ ಹಳೇ ಪ್ಲಾಸ್ಟಿಕ್ ಪಿಸ್ತೂಲಿನ ಕಥೆ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಕೂಡ್ರಿ.

1995ರ ಬೇಸಿಗೆ. ಸರ್ಕಾರಿ ಬೋರ್ಡುಗಳ ಮೇಲೆ ಊರಿನ್ನೂ ಗುಲಬರ್ಗಾ. ನಮ್ಮ ಸೋದರಮಾವ ಹೈದರಾಬಾದಿನ ಕೋಟಿ ಬಜಾರಿನಿಂದ ಒಂದು 'ಟಿವಿ ಗೇಮ್' ತಂದುಕೊಟ್ಟರು. ಅದು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಎರಡು ಕಂಟ್ರೋಲರ್, ಒಂದು ಹಳದಿ ಕ್ಯಾಸೆಟ್, ಒಂದು ಪಿಸ್ತೂಲು. ಕ್ಯಾಸೆಟ್ ಮೇಲೆ 9999999 ಗೇಮ್ ಅಂತ ಬರೆದಿತ್ತು. ಒಳಗೆ ಇದ್ದದ್ದು ಏಳು! ಅವೇ ಏಳು, ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಪಟ್ಟಿಯ ಕೊನೆ ಮುಟ್ಟುತ್ತೇನೆ ಅಂತ ನಾನೂ ನನ್ನ ತಮ್ಮನೂ ಒಂದು ಮಧ್ಯಾಹ್ನ ಪೂರ್ತಿ ಬಟನ್ ಒತ್ತಿದ್ದೇವೆ.

ಆ ಏಳರಲ್ಲಿ ಬಾತುಕೋಳಿ ಹೊಡೆಯುವುದು ಒಂದು, ಡಕ್ ಹಂಟ್. ಶರಣಬಸವೇಶ್ವರ ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿ ಇರುತ್ತದಲ್ಲ, ಅದರ ಬಂದೂಕಿನಷ್ಟೇ ಖಾತ್ರಿ ನಮ್ಮ ಪಿಸ್ತೂಲಿಗೂ ಇತ್ತು. ಗುರಿ ಸರಿ ಇದ್ದರೆ ಕೋಳಿ ಬಿದ್ದೇ ಬೀಳುತ್ತಿತ್ತು. ತಪ್ಪಿದರೆ ಪೊದೆಯಿಂದ ನಾಯಿ ಎದ್ದು ನಗುತ್ತಿತ್ತು. ಆ ನಾಯಿಯನ್ನು ಹೊಡೆಯಲು ನೋಡದವರು ಯಾರೂ ಇಲ್ಲ ಅನಿಸುತ್ತದೆ.

ಆಗ ತೊಂದರೆ ಇದ್ದದ್ದು ಕರೆಂಟಿನದು. ಕಾಂಟ್ರಾ ಅನ್ನೋ ಗುಂಡಿನ ಆಟದಲ್ಲಿ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿ 30 ಜೀವ ತಗೊಂಡು, ಕೊನೆ ಹಂತಕ್ಕೆ ಬಂದಾಗಲೇ ಟಪ್ ಅಂತ ಆರುತ್ತಿತ್ತು. ಸೇವ್ ಅನ್ನೋದೇ ಇಲ್ಲ. ಒಳಗಿಂದ ಅವ್ವನ ದನಿ: "ಕರೆಂಟ್ ಹೋತಲ್ಲ, ಇನ್ನರ ಉಣ್ಲಾಕ ಬಾ."

ಈಗ ಕಥೆಯ ಮುಖ್ಯ ಭಾಗ. 2012ರಲ್ಲಿ ಮನೆಗೆ ಎಲ್‌ಸಿಡಿ ಟಿವಿ ಬಂತು. ಹಳೇ ಡಬ್ಬಿ ಟಿವಿ ಅಟ್ಟ ಸೇರಿತು. ಒಂದು ಹಬ್ಬಕ್ಕೆ ತಮ್ಮ ಬಂದಿದ್ದ. ಸುಮ್ನೆ ಹಳೇ ನೆನಪಿಗೆ ಟಿವಿ ಗೇಮ್ ಹೊರಗೆ ತೆಗೆದು ಹೊಸ ಟಿವಿಗೆ ಜೋಡಿಸಿದೆವು. ಗೇಮ್ ಓಡಿತು, ಕೋಳಿ ಹಾರಿತು. ಪಿಸ್ತೂಲು ಮಾತ್ರ ಏನು ಮಾಡಿದರೂ ತಗಲಲಿಲ್ಲ. ಪರದೆಗೆ ಒತ್ತಿ ಹಿಡಿದು ಹೊಡೆದರೂ ಇಲ್ಲ. ಕೆಟ್ಟಿದೆ ಅಂದುಕೊಂಡೆವು. ಅಟ್ಟದ ಟಿವಿ ಇಳಿಸಿ ಹಚ್ಚಿದರೆ ಮೊದಲ ಏಟಿಗೇ ಕೋಳಿ ಬಿತ್ತು.

ಆ ರಾತ್ರಿ ನಿದ್ದೆ ಬಿಟ್ಟು ಓದಿದೆ. ಆ ಪಿಸ್ತೂಲು ಏನನ್ನೂ ಹಾರಿಸುವುದಿಲ್ಲ. ಅದರ ಮೂತಿಯಲ್ಲಿರುವುದು ಬೆಳಕು ನೋಡುವ ಒಂದು ಕಣ್ಣು. ಕುದುರೆ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡುತ್ತದೆ. ಆಗ ಕಣ್ಣಿಗೆ ಬೆಳಕು ಕಂಡರೆ ಗುರಿ ಸರಿ. ನಮ್ಮ ಹಳೇ ಟಿವಿಗಳಲ್ಲಿ ಸೆಕೆಂಡಿಗೆ 50 ಸಲ ಚಿತ್ರ ಮೂಡುತ್ತಿತ್ತು. ಅಂದರೆ ಈ ಇಡೀ ನಾಟಕ ನಡೆಯುವುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಆಗದ ಹೊತ್ತಿನಲ್ಲಿ. ಡಬ್ಬಿ ಟಿವಿ ಚಿತ್ರವನ್ನು ಎಲ್ಲೂ ಹಿಡಿದಿಟ್ಟುಕೊಳ್ಳುವುದಿಲ್ಲ, ಬಂದದ್ದನ್ನು ಬಂದ ಹಾಗೆಯೇ ಗಾಜಿನ ಮೇಲೆ ಗೀಚುತ್ತದೆ. ಹೊಸ ಟಿವಿ ಹಾಗಲ್ಲ. ಚಿತ್ರವನ್ನು ತಗೊಂಡು, ಹಿಗ್ಗಿಸಿ, ಬಣ್ಣ ತೀಡಿ, ಆಮೇಲೆ ತೋರಿಸುತ್ತದೆ. ಬಿಳಿ ಚೌಕ ಬರುವಷ್ಟರಲ್ಲಿ ಗೇಮ್ ಕಾದು ಸಾಕಾಗಿ 'ತಪ್ಪಿತು' ಅಂತ ಬರೆದುಕೊಂಡಿರುತ್ತದೆ. ಪಿಸ್ತೂಲಿನ ಕಣ್ಣೂ ಡಬ್ಬಿ ಟಿವಿಯ ಮಿನುಗಿಗೆ ಹೊಂದಿಸಿದ್ದು. ಎಲ್‌ಸಿಡಿಯ ನಿಂತ ಬೆಳಕು ಅದಕ್ಕೆ ಬೆಳಕೇ ಅಲ್ಲ.

ನೂರು ಪಟ್ಟು ಚಂದದ ಟಿವಿ, ಆದರೆ ಹತ್ತು ವರ್ಷದ ಹುಡುಗ ಆಡುತ್ತಿದ್ದ ಆಟ ಅದರಲ್ಲಿ ಆಡಲು ಬರುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹುಟ್ಟಿದ್ದು ಅವತ್ತು. ಅಂದಿನಿಂದ ಯಾವ ಹೊಸ ಮಷಿನ್ ಬಂದರೂ ನಾನು ಕೇಳುವುದು ಒಂದೇ: ಬಟನ್ ಒತ್ತಿದ ಮೇಲೆ ಪರದೆ ಅಲ್ಲಾಡಲು ಎಷ್ಟು ಹೊತ್ತು?

ಇದು ಪಿಸ್ತೂಲಿನ ಆಟಕ್ಕೆ ಮಾತ್ರ ಅಂದುಕೊಳ್ಳಬೇಡಿ. ನನ್ನದೇ ಮಾನ ಹೋದ ಪ್ರಸಂಗ ಹೇಳುತ್ತೇನೆ. ಐದು ವರ್ಷದ ಹಿಂದೆ ದೊಡ್ಡ 4ಕೆ ಟಿವಿ ತಗೊಂಡೆ, ಕಂಪನಿ ಹೆಸರು ಬೇಡ. ಅದರ ಮೇಲೆ ಮಗನ ಜೊತೆ ಕ್ರಿಕೆಟ್ ಗೇಮ್ ಆಡಿದರೆ ಬೌಲ್ಡ್ ಮೇಲೆ ಬೌಲ್ಡ್. 2006ರಲ್ಲಿ ಬಂದ ಕ್ರಿಕೆಟ್ 07 ಅನ್ನು ವರ್ಷಗಟ್ಟಲೆ ಆಡಿದ ಕೈ ಇದು. ವಯಸ್ಸಾಯಿತು ಅಂತ ಒಪ್ಪಿಕೊಂಡು ಸುಮ್ಮನಾಗಿದ್ದೆ. ಮಗನೂ ಅದನ್ನೇ ಹೇಳಿದ, ಸ್ವಲ್ಪ ಜಾಸ್ತಿಯೇ ಖುಷಿಯಲ್ಲಿ. ಅವನು ಆ ಟಿವಿಯಲ್ಲೇ ಕಲಿತವನು, ಅದರ ತಡಕ್ಕೆ ಅವನ ಕೈ ಒಗ್ಗಿತ್ತು. ಆರು ತಿಂಗಳ ಮೇಲೆ ಸೆಟ್ಟಿಂಗ್ಸ್ ಕೆದಕುವಾಗ 'ಗೇಮ್ ಮೋಡ್' ಅಂತ ಕಂಡಿತು, ಚಿತ್ರ ತೀಡುವುದನ್ನು ಕಡಿಮೆ ಮಾಡಿ ಬೇಗ ತೋರಿಸುವ ವ್ಯವಸ್ಥೆ. ಹಾಕಿದೆ. ಅವತ್ತೇ ಅರ್ಧ ಶತಕ!

ಬಟನ್ ಒತ್ತಿದ ಮೇಲೆ ಪರದೆ ಅಲ್ಲಾಡುವವರೆಗಿನ ತಡವನ್ನು ಆಮೇಲೆ ಅಳೆದೂ ನೋಡಿದೆ. ಅಳೆಯುವುದು ಹೇಗೆ ಅಂತ ಕೊನೆಯಲ್ಲಿ ಹೇಳುತ್ತೇನೆ. ಗೇಮ್ ಮೋಡ್ ಇಲ್ಲದಾಗ ಸುಮಾರು 125 ಮಿಲಿಸೆಕೆಂಡ್, ಹಾಕಿದ ಮೇಲೆ ಸುಮಾರು 50. ವೇಗದ ಬೌಲರ್ ಕೈಯಿಂದ ಬ್ಯಾಟಿಗೆ ಚೆಂಡು ಬರಲು ಸುಮಾರು ಅರ್ಧ ಸೆಕೆಂಡ್ ಸಾಕು. ಅದರಲ್ಲಿ ಕಾಲು ಭಾಗ ಈ ತಡಕ್ಕೇ ಹೋದರೆ ಆಡುವವನು ಏನು ಮಾಡಬೇಕು?

ಈಗ ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ ಬರೋಣ. ಅಂಗಡಿಯಲ್ಲಿ ನಿಮಗೆ ಎಫ್‌ಪಿಎಸ್ ತೋರಿಸುತ್ತಾರೆ, ಸೆಕೆಂಡಿಗೆ ಎಷ್ಟು ಚಿತ್ರ ಅಂತ. 30 ಇದ್ದರೆ ಒಂದೊಂದು ಚಿತ್ರಕ್ಕೆ 33 ಮಿಲಿಸೆಕೆಂಡ್. 60 ಇದ್ದರೆ ಸುಮಾರು 17. 144 ಇದ್ದರೆ ಸುಮಾರು 7. ಇಲ್ಲಿ ಗಮನಿಸಿ: 30ರಿಂದ 60ಕ್ಕೆ ಹೋದರೆ 16 ಮಿಲಿಸೆಕೆಂಡ್ ಉಳಿಯಿತು. 144ರಿಂದ 240ಕ್ಕೆ ಹೋದರೆ ಮೂರೂ ಇಲ್ಲ. ಮೊದಲನೆಯದು ಕಡಿಮೆ ದುಡ್ಡಿಗೆ ಸಿಗುತ್ತದೆ, ಎರಡನೆಯದಕ್ಕೆ ಜೇಬು ಹರಿಯುತ್ತದೆ.

ಇನ್ನೊಂದು ಮೋಜು ಇದೆ. 2022ರಿಂದ ಎನ್‌ವಿಡಿಯಾ ಕಾರ್ಡುಗಳಲ್ಲಿ 'ಫ್ರೇಮ್ ಜನರೇಷನ್' ಬಂದಿದೆ. ಕಾರ್ಡು ಎರಡು ನಿಜವಾದ ಚಿತ್ರ ಬಿಡಿಸಿ, ಅವುಗಳ ನಡುವೆ ಒಂದನ್ನು ತಾನೇ ಊಹಿಸಿ ತುರುಕುತ್ತದೆ. 2025ರಲ್ಲಿ ಬಂದ ಕಾರ್ಡುಗಳು ಮೂರರವರೆಗೆ ತುರುಕಲು ಶುರು ಮಾಡಿದವು. ಮೀಟರ್ 30ರಿಂದ 120ರ ಹತ್ತಿರ ಹೋಗುತ್ತದೆ, ನೋಡಲು ಬೆಣ್ಣೆಯ ಹಾಗೆ ನುಣುಪು. ಆದರೆ ನಡುವಿನದನ್ನು ಊಹಿಸಬೇಕಾದರೆ ಮುಂದಿನದು ಕೈಯಲ್ಲಿರಬೇಕು, ಅಲ್ವಾ? ಹಾಗಾಗಿ ತಯಾರಾದ ಹೊಸ ಚಿತ್ರವನ್ನು ಕಾರ್ಡು ಸ್ವಲ್ಪ ಹೊತ್ತು ತಡೆಹಿಡಿಯುತ್ತದೆ. ನಿಮ್ಮ ಬೆರಳಿಗೆ ಸಿಗುವುದು ಆ 30ರದೇ ಉತ್ತರ, ಅದೂ ಇನ್ನಷ್ಟು ತಡವಾಗಿ. ಮೊದಲೇ 60ರ ಮೇಲೆ ಓಡುವ ಗೇಮಿಗೆ ಇದನ್ನು ಹಾಕಿದರೆ ಅಡ್ಡಿಯಿಲ್ಲ, ನಾನೂ ಹಾಕುತ್ತೇನೆ. ಕುಂಟುವ ಗೇಮನ್ನು ಓಡಿಸಲು ಇದು ಬರುವುದಿಲ್ಲ. ಮೀಟರ್ ನೋಡಿ ಮರುಳಾಗಬೇಡಿ.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮ್ 40 ಕಿಲೋಬೈಟ್, ಮಷಿನ್ನಿನ ಕೆಲಸದ ಮೆಮೊರಿ ಬರೀ 2. ಜಾಗ ಸಾಲದೆ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಬಟನ್ ಒತ್ತಿದರೆ ಮಾರಿಯೋ ಆಗಿಂದಾಗಲೇ ಹಾರುತ್ತಿದ್ದ, ಅದು ನಿಜ. ಆದರೆ ಮುಂದಿನ ದಿನಗಳ ಸಿಡಿ ಗೇಮುಗಳನ್ನು ನೆನೆಸಿಕೊಳ್ಳಿ. ಲೋಡಿಂಗ್ ಪಟ್ಟಿ ತುಂಬುವಷ್ಟರಲ್ಲಿ ಎರಡು ರೊಟ್ಟಿ ತಿಂದು ಬರಬಹುದಿತ್ತು. ಎಸ್‌ಎಸ್‌ಡಿ ಅನ್ನೋ ವೇಗದ ಡಿಸ್ಕ್ ಬಂದು ಆ ಕಾಟ ತಪ್ಪಿತು. ಆಟೋ ಸೇವ್ ಬಂದು ಕರೆಂಟಿನ ಭಯ ತಪ್ಪಿತು. ಇವೆರಡಕ್ಕೆ ಕೈ ಮುಗಿಯುತ್ತೇನೆ.

ಆನ್‌ಲೈನ್ ಆಡುವವರಾದರೆ ಲೆಕ್ಕ ಮತ್ತೆ ಬದಲಾಗುತ್ತದೆ. 2005ರ ಸುಮಾರಿಗೆ ಸೂಪರ್ ಮಾರ್ಕೆಟ್ ಹತ್ತಿರದ ಸೈಬರ್ ಕೆಫೆಯಲ್ಲಿ ಹತ್ತು ಜನ ಕೂಡಿ ಕೌಂಟರ್ ಸ್ಟ್ರೈಕ್ 1.6 ಅನ್ನೋ ಗುಂಡು ಹಾರಿಸುವ ಗೇಮ್ ಆಡುತ್ತಿದ್ದೆವು. ಎಲ್ಲರ ಆಟವನ್ನೂ ಜೋಡಿಸುವ ಸರ್ವರ್ ಅಂದರೆ ಮೂಲೆಯಲ್ಲಿದ್ದ ಓನರ್ ಕಂಪ್ಯೂಟರ್. ಸತ್ತವನ ಬೈಗುಳ ನೇರವಾಗಿ ಕಿವಿಗೆ ಬೀಳುತ್ತಿತ್ತು. ಈಗ ಸರ್ವರ್ ಮುಂಬೈಯಲ್ಲಿರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ ಕಲಬುರಗಿಯಿಂದ ಮುಂಬೈಗೆ ಹೋಗಿ ಬರಲು ಐದಾರು ಮಿಲಿಸೆಕೆಂಡ್ ಸಾಕು. ನನಗೆ ಸಿಗುವ ಪಿಂಗ್, ಅಂದರೆ ನಿಜವಾಗಿ ಹೋಗಿ ಬರಲು ಹಿಡಿಯುವ ಹೊತ್ತು, ಮಾತ್ರ 40ರ ಆಸುಪಾಸು. ಕೇಬಲ್ಲು ಎಲ್ಲೆಲ್ಲೋ ಸುತ್ತಿ ಬರುತ್ತದೆ, ನಡುವೆ ಹತ್ತಾರು ಕಡೆ ನಿಲ್ಲುತ್ತದೆ. ಪ್ಯಾಸೆಂಜರ್ ಗಾಡಿ ಇದ್ದ ಹಾಗೆ. ಆ 40 ನನಗೇನೂ ತೊಂದರೆ ಅಲ್ಲ. ವೈಫೈಯಲ್ಲಿ ಅದು 40, 45, ಥಟ್ಟನೆ 180 ಅಂತ ಜಿಗಿಯುವುದು ತೊಂದರೆ. ನಾಲ್ಕು ನೂರು ರೂಪಾಯಿ ಒಳಗೆ ಲ್ಯಾನ್ ಕೇಬಲ್ ತಂದು ರೂಟರಿನಿಂದ ನೇರ ಎಳೆದೆ. ಮೂವತ್ತು ವರ್ಷದಲ್ಲಿ ದುಡ್ಡಿಗೆ ತಕ್ಕ ಫಲ ಕೊಟ್ಟ ವಸ್ತು ಅಂದರೆ ಅದೇ.

ಗೇಮ್ ಪೂರ್ತಿ ದೂರದ ಕಂಪ್ಯೂಟರಿನಲ್ಲೇ ಓಡಿ, ಬರೀ ವಿಡಿಯೋ ನಿಮ್ಮ ಮನೆಗೆ ಬರುವ ಕ್ಲೌಡ್ ಗೇಮಿಂಗ್ ಬಗ್ಗೆ ನೀವು ಕೇಳಿಲ್ಲ. ಆದರೂ ಒಂದು ಮಾತು. ಅಲ್ಲಿ ಒಂದೊಂದು ಬಟನ್ನೂ ಆ ಪ್ಯಾಸೆಂಜರ್ ಗಾಡಿ ಹತ್ತಿ ಹೋಗಿ ಬರಬೇಕು. ನಿಧಾನದ ಗೇಮಿಗೆ ಪರವಾಗಿಲ್ಲ, ಫೈಟಿಂಗ್ ಗೇಮಿಗೆ ಬೇಡ. ಜೊತೆಗೆ ದೂರದ ಸರ್ವರ್ ಯಾವತ್ತಾದರೂ ಬಾಗಿಲು ಹಾಕಬಹುದು. ಗೂಗಲ್‌ನ ಸ್ಟೇಡಿಯಾ 2019ರ ನವೆಂಬರಿನಲ್ಲಿ ಶುರುವಾಗಿ 2023ರ ಜನವರಿಯಲ್ಲಿ ಮುಚ್ಚಿತು. ಅವರು ಕೊಂಡವರಿಗೆ ದುಡ್ಡಾದರೂ ವಾಪಸ್ ಕೊಟ್ಟರು. ಯೂಬಿಸಾಫ್ಟ್‌ನ 'ದಿ ಕ್ರೂ' ಅನ್ನೋ ಕಾರ್ ಗೇಮಿಗೆ 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಒಬ್ಬರೇ ಆಡುವ ಭಾಗವೂ ಅದರ ಜೊತೆಗೇ ಹೋಯಿತು. ನನ್ನ ಹಳದಿ ಕ್ಯಾಸೆಟ್ ಇವತ್ತಿಗೂ ಓಡುತ್ತದೆ, ಒಂದು ಸಲ ಊದಬೇಕು ಅಷ್ಟೇ.

ಇನ್ನು ನಮ್ಮ ಕಡೆಯವರು ಮಾತ್ರ ಯೋಚಿಸಬೇಕಾದ ವಿಷಯ, ಬಿಸಿಲು. ಬೆಂಗಳೂರಿನವರು ಮಾಡುವ ಪಿಸಿ ವಿಡಿಯೋಗಳಲ್ಲಿ ಇದು ಬರುವುದೇ ಇಲ್ಲ. ಫ್ಯಾನ್ ಎಷ್ಟೇ ದೊಡ್ಡದಿರಲಿ, ಅದು ಊದುವುದು ಕೋಣೆಯ ಗಾಳಿಯನ್ನೇ. 25 ಡಿಗ್ರಿ ಕೋಣೆಯಲ್ಲಿ 75 ಇರುವ ಕಾರ್ಡು 40 ಡಿಗ್ರಿ ಕೋಣೆಯಲ್ಲಿ 90ರ ಹತ್ತಿರ ಹೋಗುತ್ತದೆ. ಮೇ ತಿಂಗಳ ಮಧ್ಯಾಹ್ನ ಸೇಡಂನಲ್ಲಿ ನಿಮ್ಮ ಕೋಣೆ ಎಷ್ಟಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಬಿಸಿ ಮಿತಿ ಮುಟ್ಟಿದರೆ ಕಾರ್ಡು ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಂದರೆ ದುಬಾರಿ ಕಾರ್ಡು ಕೊಂಡು ಅಗ್ಗದ ಕಾರ್ಡಿನ ಕೆಲಸ ತಗೊಂಡ ಹಾಗೆ. ಮೇಲಿನ ದರ್ಜೆಯ ಆರ್‌ಟಿಎಕ್ಸ್ 5090 ಒಂದೇ 575 ವ್ಯಾಟ್ ಎಳೆಯಬಲ್ಲದು. ಆ ವ್ಯಾಟೆಲ್ಲ ಕೊನೆಗೆ ನಿಮ್ಮ ಕೋಣೆಗೇ ಬಿಸಿಯಾಗಿ ಬರುತ್ತದೆ. ಮೇ ತಿಂಗಳಲ್ಲಿ ಪಕ್ಕದಲ್ಲಿ ಹೀಟರ್ ಇಟ್ಟುಕೊಂಡು ಯಾರು ಕೂಡ್ರುತ್ತಾರೆ?

ನನ್ನ ಪಿಸಿ ಮೇಜಿನ ಮೇಲಿಲ್ಲ. ಶಹಾಬಾದ್ ಕಲ್ಲಿನ ನೆಲದ ಮೇಲೆ, ಎರಡು ಇಟ್ಟಿಗೆ ಕೊಟ್ಟು ಇಟ್ಟಿದ್ದೇನೆ. ಗಾಳಿ ಕೆಳಗಿಂದಲೂ ಬರುತ್ತದೆ. ಕಾರ್ಡು ಮಧ್ಯಮ ದರ್ಜೆಯದು. ಅದರ ಪವರ್ ಮಿತಿಯನ್ನು ಸಾಫ್ಟ್‌ವೇರಿನಲ್ಲಿ 80 ಪರ್ಸೆಂಟಿಗೆ ಇಳಿಸಿದ್ದೇನೆ. ಎಫ್‌ಪಿಎಸ್ ಸ್ವಲ್ಪವೇ ಇಳಿಯಿತು, ಫ್ಯಾನಿನ ಕಿರುಚಾಟ ಪೂರ್ತಿ ನಿಂತಿತು. ನೀರಿನ ಕೂಲರ್ ಎದುರಿಗೆ ಮಾತ್ರ ಪಿಸಿ ಇಡಬೇಡಿ, ತೇವ ಒಳಗೆ ಹೋಗುತ್ತದೆ. ತಿಂಗಳಿಗೊಮ್ಮೆ ಧೂಳು ಊದಿ ತೆಗೆಯಿರಿ. ನಿಮ್ಮೂರಿನ ಸುತ್ತ ಸಿಮೆಂಟ್ ಫ್ಯಾಕ್ಟರಿಗಳಿರುವುದರಿಂದ ಎರಡು ವಾರಕ್ಕೊಮ್ಮೆ ಆದರೂ ತಪ್ಪಲ್ಲ.

ಹಾಗಾದರೆ ಒಂದೂವರೆ ಲಕ್ಷ ಹೇಗೆ ಹಂಚೋದು? ನಾನಾದರೆ ಕಾರ್ಡಿಗೆ ನಲವತ್ತು ಸಾವಿರ ದಾಟುವುದಿಲ್ಲ. ಸೆಕೆಂಡಿಗೆ 144 ಚಿತ್ರ ತೋರಿಸುವ 144 ಹರ್ಟ್ಜ್ ಮಾನಿಟರ್ ಮೊದಲು ಕೊಳ್ಳುತ್ತೇನೆ, ಆಮೇಲೆ ಒಳ್ಳೆಯ ಎಸ್‌ಎಸ್‌ಡಿ, ವೈರ್ ಇರುವ ಕಂಟ್ರೋಲರ್, ಗಟ್ಟಿ ಯುಪಿಎಸ್. ಕರೆಂಟ್ ಹೋದ ಮೇಲೂ ಆಡುತ್ತಾ ಕೂಡ್ರಲು ಯುಪಿಎಸ್ ಅಲ್ಲ, ಸೇವ್ ಮಾಡಿ ಮುಚ್ಚುವುದಕ್ಕೆ. ಇಷ್ಟಾದ ಮೇಲೆ ಉಳಿದ ದುಡ್ಡು ಪಿಸಿಯ ಮಿಕ್ಕ ಭಾಗಗಳಿಗೆ. ಬಿಡಿ ಭಾಗ ಕೊಳ್ಳಲು ಹೈದರಾಬಾದಿಗೆ ಹೋಗುವುದಾದರೆ ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್ ನೋಡಿ. ನಾಲ್ಕು ಅಂಗಡಿ ತಿರುಗದೆ ದರ ಒಪ್ಪಬೇಡಿ.

ಆದರೆ ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ನಿಮ್ಮ ಫೋನಿನಲ್ಲಿ 240 ಎಫ್‌ಪಿಎಸ್ ಸ್ಲೋ ಮೋಷನ್ ಇದ್ದರೆ, ಬೆರಳೂ ಪರದೆಯೂ ಎರಡೂ ಕಾಣುವ ಹಾಗೆ ಹಿಡಿದು, ಗೇಮಿನಲ್ಲಿ ಜಿಗಿಯುವ ಬಟನ್ ಒತ್ತುವುದನ್ನು ಶೂಟ್ ಮಾಡಿ. ಬಟನ್ ಕೆಳಗಿಳಿದ ಚಿತ್ರದಿಂದ ಆಳು ಕದಲಿದ ಚಿತ್ರದವರೆಗೆ ಒಂದೊಂದಾಗಿ ಎಣಿಸಿ. ಒಂದು ಎಣಿಕೆಗೆ ಸುಮಾರು 4 ಮಿಲಿಸೆಕೆಂಡ್. ನನ್ನ 4ಕೆ ಟಿವಿಗೆ ಮೊದಲು 30 ಬಂದಿತ್ತು, ಗೇಮ್ ಮೋಡ್ ಹಾಕಿದ ಮೇಲೆ 12. ಈಗಿನ ಮಾನಿಟರಿನಲ್ಲಿ 8. ನಿಮ್ಮದು ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ. 20 ದಾಟಿದರೆ ಕಾರ್ಡಿನ ಮಾತು ಆಮೇಲೆ ಆಡೋಣ, ಮೊದಲು ಟಿವಿ ರಿಮೋಟ್ ತಗೊಳ್ಳಿ.